ಆಯಾಸಕ್ಕೂ ಉಂಟು ಅಳತೆಗೋಲು

ಹೆರಿಗೆಯಾದ ಮೂರು ದಿನಗಳೊಳಗಾಗಿ ಕೆಲವು ತಾಯಂದಿರಿಗೆ ಕೊಡುವ ಚುಚ್ಚುಮದ್ದೊಂದಿದೆ. ಅದರ ಹೆಸರು ‘ಆಂಟಿ-ಡಿ’. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ಕೂಸಿನ ರಕ್ತ ಆರ್‌ಎಚ್ ಪಾಸಿಟಿವ್ ಆಗಿದ್ದರೆ, ತಾಯಿಯ ದೇಹವು ಆ ರಕ್ತವನ್ನು ಪರಕೀಯವೆಂದು ಬಗೆದು ಅದರ ಮೇಲೆ ಹಗೆ ಸಾಧಿಸಲು ಕಲಿಯುತ್ತದೆ. ಆಗ ತಾನೇ ಹುಟ್ಟಿದ ಕೂಸಿಗೆ ಇದರಿಂದ ಸಾಮಾನ್ಯವಾಗಿ ಬಾಧಕವಿಲ್ಲ. ಗಂಡಾಂತರವಿರುವುದು ಮುಂದೆ ಹುಟ್ಟಲಿರುವ ಕೂಸಿಗೆ. ಆ ಗಂಡಾಂತರವನ್ನು ತಪ್ಪಿಸಿ ಎಷ್ಟೋ ಮನೆಗಳಲ್ಲಿ ಎರಡನೆಯ ಬಾರಿ ತೊಟ್ಟಿಲು ತೂಗುವಂತೆ ಮಾಡಿದ ಪುಣ್ಯ ಈ ಮದ್ದಿನದು. ಇದನ್ನು ತಯಾರಿಸುವುದು ಮನುಷ್ಯರ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ ಎಂಬ ದ್ರವಭಾಗದಿಂದ.

1977 ಮತ್ತು 1978ರಲ್ಲಿ ಐರ್ಲೆಂಡ್ ದೇಶದ ಬಾಣಂತಿಯರಿಗೆ ಕೊಟ್ಟ ಈ ಮದ್ದಿನ ಕೆಲವು ಕಂತುಗಳಲ್ಲಿ ಕಣ್ಣಿಗೆ ಕಾಣದ ವಿಷವೊಂದು ಸೇರಿಹೋಗಿದ್ದಿತು. ಪ್ಲಾಸ್ಮಾ ಕೊಟ್ಟವರಲ್ಲಿ ಒಬ್ಬರಿಗೆ ಕಾಮಾಲೆಯ ಲಕ್ಷಣ ಕಾಣಿಸಿಕೊಂಡಿದ್ದರೂ ಅವರ ಪ್ಲಾಸ್ಮಾವನ್ನು ಬಳಸಲಾಗಿದ್ದಿತು. ಆ ವಿಷಕ್ಕೆ ಆಗಿನ್ನೂ ಹೆಸರೂ ಇರಲಿಲ್ಲ. ಮದ್ದು ಪಡೆದ ತಾಯಂದಿರು ಕೂಸನ್ನೆತ್ತಿಕೊಂಡು ಮನೆಗೆ ಹೋದರು. ಅಡುಗೆ, ಬಟ್ಟೆ, ಮಕ್ಕಳ ಶಾಲೆ, ಹೊಲದ ಕೆಲಸ, ಕಚೇರಿಯ ಕೆಲಸಗಳಲ್ಲಿ ತೊಡಗಿದರು. ಸಂಗತಿ ಬಯಲಿಗೆ ಬಂದುದು 1994ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಹದಿನೇಳು ವರ್ಷಗಳು ಉರುಳಿದ್ದುವು. ಅಂದಿನ ಕೂಸುಗಳು ಕಾಲೇಜಿನ ಮೆಟ್ಟಿಲು ಹತ್ತುವ ವಯಸ್ಸಿಗೆ ಬಂದಿದ್ದುವು.

ಆಂಟಿ-ಡಿ ಪಡೆದಿದ್ದ 62,667 ಮಹಿಳೆಯರನ್ನು ಹುಡುಕಿ ಕರೆಸಿ ರಕ್ತಪರೀಕ್ಷೆ ಮಾಡಲಾಯಿತು. ಅವರಲ್ಲಿ 704 ಮಂದಿಗೆ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕು ಈಗ ಇದೆ, ಇಲ್ಲವೇ ಹಿಂದೆ ಬಂದುಹೋಗಿದೆ ಎಂಬುದಕ್ಕೆ ಸಾಕ್ಷ್ಯ ದೊರೆಯಿತು. 390 ಮಂದಿಯ ರಕ್ತದಲ್ಲಿ ವೈರಸ್ಸು ಇನ್ನೂ ಜೀವಂತವಾಗಿಯೇ ಇದ್ದಿತು. ಇವರ ಪೈಕಿ 376 ಮಂದಿಯನ್ನು ಎಲಿಜಬೆತ್ ಕೆನಿ-ವಾಲ್ಷ್ ಎಂಬ ವೈದ್ಯೆ ಮತ್ತು ಅವರ ಸಹೋದ್ಯೋಗಿಗಳು ಸಮಗ್ರವಾಗಿ ಪರೀಕ್ಷಿಸಿ 1999ರಲ್ಲಿ ವರದಿಯನ್ನು ಪ್ರಕಟಿಸಿದರು.

ಆ ವರದಿಯಲ್ಲಿ ಒಂದಕ್ಕೊಂದು ಹೊಂದದ ಎರಡು ಚಿತ್ರಗಳಿದ್ದುವು. ಸೂಜಿಯಿಂದ ಯಕೃತ್ತಿನ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿದಾಗ, ಹದಿನೇಳು ವರ್ಷಗಳ ಅನಂತರವೂ ಯಕೃತ್ತು ಗಡುಸಾಗಿ ಕೆಡುವ ‘ಸಿರೋಸಿಸ್’ ಸ್ಥಿತಿಯನ್ನು ಮುಟ್ಟಿದ್ದವರು ನೂರಕ್ಕೆ ಕೇವಲ ಇಬ್ಬರು. ವೈದ್ಯರ ಭಯ ಕೊಂಚ ಇಳಿಯಬೇಕಾದ ಸುದ್ದಿಯೇ ಇದು. ಆದರೆ ಆ ಮಹಿಳೆಯರನ್ನು ಮಾತನಾಡಿಸಿದಾಗ, ನೂರಕ್ಕೆ 81 ಮಂದಿ ಒಂದಲ್ಲ ಒಂದು ತೊಂದರೆಯನ್ನು ಹೇಳಿಕೊಂಡರು. ನೂರಕ್ಕೆ 66 ಮಂದಿ ಹೇಳಿಕೊಂಡುದು ಆಯಾಸವನ್ನು. ಯಕೃತ್ತು ‘ಅಷ್ಟೇನೂ ಕೆಟ್ಟಿಲ್ಲ’ ಎನ್ನುತ್ತಿದ್ದಿತು. ಯಕೃತ್ತನ್ನು ಹೊತ್ತವಳು ‘ನನ್ನ ಕೈಲಾಗುತ್ತಿಲ್ಲ’ ಎನ್ನುತ್ತಿದ್ದಳು. ಇಬ್ಬರಲ್ಲಿ ಯಾರ ಮಾತನ್ನು ನಂಬುವುದು?

ನಲವತ್ತೈದರ ಗೃಹಿಣಿ ಆಯಾಸವೆಂದರೆ ಅದನ್ನು ರೋಗವೆಂದು ಯಾರು ತಾನೇ ಎಣಿಸುತ್ತಾರೆ? ವಯಸ್ಸಾಯಿತೆನ್ನುತ್ತಾರೆ, ಮನೆಗೆಲಸ ಹೆಚ್ಚಾಯಿತೆನ್ನುತ್ತಾರೆ, ಮನಸ್ಸಿನ ಚಿಂತೆಯೆನ್ನುತ್ತಾರೆ. ಈ ಉತ್ತರಗಳಲ್ಲಿ ಯಾವುದೂ ಪೂರಾ ಸುಳ್ಳಲ್ಲ; ಆದುದರಿಂದಲೇ ನಿಜವಾದ ಕಾರಣವು ಇವುಗಳ ಮರೆಯಲ್ಲಿ ವರ್ಷಗಟ್ಟಲೆ ಅಡಗಿರಬಲ್ಲುದು. ಆಯಾಸವು ಎಲ್ಲರಿಗೂ ಇರುವಂಥದೋ ಅಥವಾ ರೋಗದಿಂದ ಬಂದುದೋ ಎಂಬುದನ್ನು ತಿಳಿಯಬೇಕಾದರೆ ಅದನ್ನು ಅಳೆಯಬೇಕು. ಜ್ವರಕ್ಕೆ ಉಷ್ಣಮಾಪಕವಿದೆ, ರಕ್ತದ ಒತ್ತಡಕ್ಕೆ ಪಾದರಸದ ಕಂಬವಿದೆ. ಬಳಲಿಕೆಗೆ ಏನಿದೆ?

ಸದ್ದಿಲ್ಲದ ರೋಗ

ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ನಮ್ಮಲ್ಲಿದೆ. ಯಕೃತ್ತಿನ ರೋಗವೆಂದರೆ ಕಣ್ಣು ಹಳದಿಯಾಗಲೇಬೇಕು ಎಂಬುದು ಜನರ ನಂಬಿಕೆ. ಹೆಪಟೈಟಿಸ್ ಸಿ ವಿಷಯದಲ್ಲಿ ಈ ನಂಬಿಕೆ ಮೋಸ ಮಾಡುತ್ತದೆ. ಸೋಂಕು ತಗಲಿದ ಬಹುಮಂದಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ನೂರರಲ್ಲಿ ಸುಮಾರು ಮೂವತ್ತು ಮಂದಿಯ ದೇಹ ಆರು ತಿಂಗಳೊಳಗೆ ವೈರಸ್ಸನ್ನು ತಾನಾಗಿಯೇ ಹೊರಗಟ್ಟುತ್ತದೆ. ಉಳಿದವರಲ್ಲಿ ಅದು ಬಾಡಿಗೆ ಕೊಡದ ಬಿಡಾರಿಯಂತೆ ಹತ್ತಾರು ವರ್ಷ ನೆಲೆಸಿಬಿಡುತ್ತದೆ. ಯಕೃತ್ತಿನ ಒಳಭಾಗಕ್ಕೆ ನೋವಿನ ಅರಿವಿಲ್ಲ. ಸಾಕಷ್ಟು ಭಾಗ ಕೆಟ್ಟರೂ ಉಳಿದ ಭಾಗ ಕೆಲಸವನ್ನು ತೂಗಿಸಿಕೊಂಡು ಹೋಗುತ್ತದೆ.

ಈ ವೈರಸ್ಸನ್ನು ಕಂಡುಹಿಡಿದ ಕಥೆಯೂ ದೀರ್ಘವಾದುದೇ. 1970ರ ದಶಕದಲ್ಲಿ ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಅವರ ಸಂಗಡಿಗರು, ರಕ್ತ ಪಡೆದ ರೋಗಿಗಳಿಗೆ ಬರುತ್ತಿದ್ದ ಯಕೃತ್ತಿನ ಉರಿಯೂತ ಆಗ ತಿಳಿದಿದ್ದ ‘ಎ’ ವೈರಸ್ಸಿನದೂ ಅಲ್ಲ, ‘ಬಿ’ ವೈರಸ್ಸಿನದೂ ಅಲ್ಲ ಎಂದು ತೋರಿಸಿಕೊಟ್ಟರು. ಹೆಸರಿಲ್ಲದ ಆ ರೋಗವನ್ನು ‘ಎ-ಯೂ ಅಲ್ಲದ, ಬಿ-ಯೂ ಅಲ್ಲದ’ ಹೆಪಟೈಟಿಸ್ ಎಂದೇ ವೈದ್ಯರು ಕರೆಯುತ್ತಿದ್ದರು. 1989ರಲ್ಲಿ ಮೈಕೇಲ್ ಹೌಟನ್ ಮತ್ತು ಅವರ ಸಹೋದ್ಯೋಗಿಗಳು ವೈರಸ್ಸಿನ ಗುರುತನ್ನು ಪತ್ತೆಮಾಡಿದರು. ಆ ವೈರಸ್ಸೊಂದೇ ರೋಗವನ್ನು ತರಬಲ್ಲುದೆಂಬುದನ್ನು 1997ರಲ್ಲಿ ಚಾರ್ಲ್ಸ್ ರೈಸ್ ಸಿದ್ಧಪಡಿಸಿದರು. ಈ ಮೂವರಿಗೂ 2020ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ರಕ್ತದ ಹನಿಯಲ್ಲಿ ವೈರಸ್ಸನ್ನು ಎಣಿಸುವ ವಿದ್ಯೆ ಹೀಗೆ ಕೈವಶವಾಯಿತು. ಅದು ಆ ಮನುಷ್ಯನ ಬಾಳಿನಿಂದ ಎಷ್ಟನ್ನು ಕಸಿದುಕೊಂಡಿದೆಯೆಂದು ಎಣಿಸುವುದು ಬೇರೆಯೇ ಒಂದು ವಿದ್ಯೆ.

ಪ್ರಶ್ನೆಗಳೇ ಉಪಕರಣ

ರೋಗಿಯ ಸ್ಥಿತಿಗೆ ಅಂಕ ಕೊಡುವ ಯತ್ನ ಹೊಸದಲ್ಲ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯ ಡೇವಿಡ್ ಕಾರ್ನಾಫ್ಸ್ಕಿ ಒಂದು ಏಣಿಯನ್ನು ರಚಿಸಿದರು. ಅದರ ಮೇಲ್ಮೆಟ್ಟಿಲು 100, ಅಂದರೆ ಪೂರ್ಣ ಆರೋಗ್ಯ. ಕೆಳಮೆಟ್ಟಿಲು 0, ಅಂದರೆ ಮರಣ. ನಡುವೆ ಹತ್ತು ಹತ್ತರ ಅಂತರ. ಆದರೆ ಅಂಕ ಕೊಡುವವರು ವೈದ್ಯರು. ಮಂಚದ ಮೇಲೆ ಮಲಗಿದವನ ಅಭಿಪ್ರಾಯಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ಅದೇ ಕಾಲದಲ್ಲಿ, 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು, ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೇಹ ಮನಸ್ಸು ಮತ್ತು ಸಾಮಾಜಿಕ ಬಾಳು ಮೂರೂ ಹಸನಾಗಿರುವುದು ಎಂದು ಸಾರಿತು. ಮಾತು ದೊಡ್ಡದು, ಅಳೆಯುವುದು ಹೇಗೆ?

ಈ ಕೆಲಸಕ್ಕೆ ಅಮೆರಿಕದ ರ‍್ಯಾಂಡ್ ಸಂಸ್ಥೆಯ ದೀರ್ಘ ಅಧ್ಯಯನಗಳು ತಳಹದಿಯಾದುವು. ಅವುಗಳ ಫಲವಾಗಿ 1992ರಲ್ಲಿ ಜಾನ್ ವೇರ್ ಮತ್ತು ಕ್ಯಾಥಿ ಷೆರ್ಬೋರ್ನ್ ಎಂಬವರು ಮೂವತ್ತಾರು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ‘ಎಸ್‌ಎಫ್-36’ ಎಂಬ ಹೆಸರಿನ ಈ ಪಟ್ಟಿಯನ್ನು ತುಂಬುವವನು ರೋಗಿಯೇ. ಮೆಟ್ಟಿಲು ಹತ್ತಬಲ್ಲೆಯಾ, ನೋವು ನಿತ್ಯದ ಕೆಲಸಕ್ಕೆ ಅಡ್ಡಬಂದಿತೇ, ಬಂಧುಮಿತ್ರರನ್ನು ಕಾಣಲು ಆರೋಗ್ಯ ತಡೆಯಾಯಿತೇ, ಮನಸ್ಸು ಕುಗ್ಗಿದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಉತ್ತರಗಳನ್ನು ಎಂಟು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೂ 0ಯಿಂದ 100ರವರೆಗೆ ಅಂಕ ಕೊಡುತ್ತಾರೆ.

ಅಂಕ ಬರುವ ಬಗೆಯನ್ನು ನೋಡಬೇಕಾದರೆ ‘ಚೈತನ್ಯ’ ಎಂಬ ಗುಂಪನ್ನೇ ತೆಗೆದುಕೊಳ್ಳಬಹುದು. ಅದರಲ್ಲಿ ನಾಲ್ಕೇ ಪ್ರಶ್ನೆಗಳು: ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಹೊತ್ತು ಲವಲವಿಕೆ ಇದ್ದಿತು, ಎಷ್ಟು ಹೊತ್ತು ಶಕ್ತಿ ತುಂಬಿದ್ದಿತು, ಎಷ್ಟು ಹೊತ್ತು ಸುಸ್ತಾಗಿದ್ದಿತು, ಎಷ್ಟು ಹೊತ್ತು ಬಳಲಿ ಬೆಂಡಾಗಿದ್ದಿತು. ಮೊದಲ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ‘ಸದಾಕಾಲ’ದಿಂದ ‘ಎಂದೂ ಇಲ್ಲ’ದವರೆಗೆ ಆರು ಉತ್ತರಗಳು. ಒಳ್ಳೆಯ ಉತ್ತರಕ್ಕೆ 6, ಕೆಟ್ಟದ್ದಕ್ಕೆ 1. ಆದುದರಿಂದ ನಾಲ್ಕೂ ಸೇರಿ ಕನಿಷ್ಠ 4, ಗರಿಷ್ಠ 24. ಈ ಇಪ್ಪತ್ತರ ಅಂತರವನ್ನು ನೂರಕ್ಕೆ ಹಿಗ್ಗಿಸಿದರೆ ಒಂದು ಮೆಟ್ಟಿಲಿಗೆ 5 ಅಂಕ. ಒಬ್ಬಾಕೆಗೆ 12 ಬಂದರೆ ಆಕೆಯ ಚೈತನ್ಯ 40 ಅಂಕ. ಅವಳ ನೆರೆಯವಳಿಗೆ 16 ಬಂದರೆ 60. ಪ್ರಾಥಮಿಕ ಶಾಲೆಯ ಲೆಕ್ಕವಿದು. ಆದರೆ ಇದರ ಹಿಂದೆ ಹಲವು ವರ್ಷಗಳ ಪರಿಶ್ರಮವಿದೆ: ಸ್ಥಿತಿ ಬದಲಾಗದವನನ್ನು ಎರಡು ಬಾರಿ ಕೇಳಿದರೆ ಒಂದೇ ಉತ್ತರ ಬರಬೇಕು; ಕಾಯಿಲೆಯವರಿಗೂ ಆರೋಗ್ಯವಂತರಿಗೂ ಅಂಕ ಬೇರೆಯಾಗಬೇಕು; ಚೇತರಿಸಿಕೊಂಡಾಗ ಅಂಕ ಏರಬೇಕು. ಈ ಮೂರು ಒರೆಗಲ್ಲುಗಳಿಗೆ ಉಜ್ಜಿ ನೋಡದ ಪಟ್ಟಿ ಹರಟೆಗೆ ಸಮ.

ಸಾವಿರಾರು ಮಂದಿ ಸಾಮಾನ್ಯ ಜನರಿಗೂ ಇದೇ ಪ್ರಶ್ನೆಗಳನ್ನು ಕೇಳಿಟ್ಟಿರುವುದು ಈ ಪಟ್ಟಿಯ ದೊಡ್ಡ ಬಲ. ‘ನಲವತ್ತೈದರ ಹೆಂಗಸಿಗೆ ಆಯಾಸ ಸಹಜವಲ್ಲವೇ?’ ಎಂಬ ಆಕ್ಷೇಪಣೆಗೆ ಈಗ ಉತ್ತರ ಕೊಡಬಹುದು. ಆ ವಯಸ್ಸಿನವರಿಗೆ ಸಹಜವಾಗಿ ಎಷ್ಟು ಅಂಕ ಬರುತ್ತದೆಯೋ ಅದರೊಡನೆ ಈಕೆಯ ಅಂಕವನ್ನು ಹೋಲಿಸಿದರಾಯಿತು.

ವೈರಸ್ಸೋ, ವಾರ್ತೆಯೋ?

1998ರಲ್ಲಿ ಲಂಡನ್ ನಗರದ ಗ್ರಹಾಂ ಫಾಸ್ಟರ್ ಮತ್ತು ಅವರ ಸಹೋದ್ಯೋಗಿಗಳು ಇಂಥ ಹೋಲಿಕೆಯೊಂದನ್ನು ಪ್ರಕಟಿಸಿದರು. ಯಕೃತ್ತು ಇನ್ನೂ ಸಿರೋಸಿಸ್ ಮುಟ್ಟದ ಹೆಪಟೈಟಿಸ್ ಸಿ ರೋಗಿಗಳು ಎಸ್‌ಎಫ್-36 ಪಟ್ಟಿಯನ್ನು ತುಂಬಿದಾಗ ಅವರ ಅಂಕಗಳು ಆರೋಗ್ಯವಂತರ ಅಂಕಗಳಿಗಿಂತ ಸ್ಪಷ್ಟವಾಗಿ ಕೆಳಗಿದ್ದುವು. ಹೆಪಟೈಟಿಸ್ ಬಿ ರೋಗಿಗಳೂ ಅದೇ ಪಟ್ಟಿಯನ್ನು ತುಂಬಿದ್ದರು. ಅವರ ಬಾಳಿನ ಕುಂದು ಇಷ್ಟು ವ್ಯಾಪಕವಾಗಿರಲಿಲ್ಲ. ಈ ಹಿಂದೆ ಮಾದಕದ್ರವ್ಯಗಳನ್ನು ಚುಚ್ಚಿಕೊಳ್ಳುತ್ತಿದ್ದ ಕಾರಣದಿಂದ ಅಂಕ ಇಳಿದಿರಬಹುದೇ ಎಂಬುದನ್ನೂ ಪರಿಶೀಲಿಸಿದರು. ಅದೊಂದೇ ಕಾರಣವಲ್ಲವೆಂದು ತಿಳಿದುಬಂದಿತು. ಐರ್ಲೆಂಡಿನ ತಾಯಂದಿರಂತೆ ‘ಕೈಲಾಗುತ್ತಿಲ್ಲ’ ಎನ್ನುತ್ತಿದ್ದವರ ಮಾತಿಗೆ ಅಂಕಿಗಳ ಬೆಂಬಲ ದೊರೆಯತೊಡಗಿತು.

ಆದರೆ ಮರುವರ್ಷವೇ ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಿಂದ ಇನ್ನೊಂದು ವರದಿ ಬಂದಿತು. ಹಲವು ವರ್ಷಗಳ ಹಿಂದೆ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಯಕೃತ್ತಿನ ಉರಿಯೂತಕ್ಕೆ ಚಿಕಿತ್ಸೆ ಪಡೆದಿದ್ದವರ ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಹೆಪಟೈಟಿಸ್ ಸಿ ಸೋಂಕಿದ್ದವರನ್ನು ಅಲ್ಲಿಯ ಸಂಶೋಧಕರು ಹುಡುಕಿಕೊಂಡು ಹೋದರು. ಅವರಲ್ಲಿ ಕೆಲವರಿಗೆ ತಮಗೆ ಸೋಂಕಿರುವುದು ಗೊತ್ತಿತ್ತು, ಕೆಲವರಿಗೆ ಗೊತ್ತಿರಲಿಲ್ಲ. ಇಬ್ಬರಿಗೂ ಅವವೇ ಪ್ರಶ್ನೆಗಳು. ಗೊತ್ತಿದ್ದವರ ಅಂಕಗಳು ಗೊತ್ತಿಲ್ಲದವರ ಅಂಕಗಳಿಗಿಂತ ಕೆಳಗಿದ್ದುವು. ಅಂದರೆ ವೈರಸ್ಸಿನ ಭಾರದ ಮೇಲೆ ಸುದ್ದಿಯ ಭಾರವೂ ಸೇರುತ್ತದೆ. ತನ್ನ ರಕ್ತದಲ್ಲಿ ಸೋಂಕಿದೆ ಎಂದು ತಿಳಿದ ಗಳಿಗೆಯಿಂದ ಮಕ್ಕಳಿಗೆ ಮುತ್ತಿಡಲು ಹಿಂಜರಿಕೆ, ಲೋಟ ಎಲ್ಲಿಡಬೇಕೆಂಬ ಅಂಜಿಕೆ, ಯಾರಿಗೆ ಹೇಳಲಿ ಯಾರಿಗೆ ಬಿಡಲಿ ಎಂಬ ಸಂಕಟ. ಐರ್ಲೆಂಡಿನ ಡಾನೆಗಲ್ ಪ್ರಾಂತದ, ಹನ್ನೆರಡು ಮಕ್ಕಳ ತಾಯಿಯೊಬ್ಬಳು ಪರಿಹಾರಕ್ಕಾಗಿ ದಾವೆ ಹೂಡುವಾಗ, ತನ್ನ ನಿಜವಾದ ಹೆಸರು ಬೇಡ, ಬೇರೊಂದು ಹೆಸರಿನಲ್ಲಿ ಮೊಕದ್ದಮೆ ನಡೆಯಲಿ ಎಂದು ಬೇಡಿಕೊಂಡಳು. ನ್ಯಾಯಾಲಯ ಒಪ್ಪಲಿಲ್ಲ. 1996ರ ಅಕ್ಟೋಬರಿನಲ್ಲಿ, ಮೊಕದ್ದಮೆ ವಿಚಾರಣೆಗೆ ಬರುವ ಮೊದಲೇ, ಆಕೆ ತೀರಿಕೊಂಡಳು. ತಪ್ಪು ಮಾಡದವಳೇ ಹೆಸರನ್ನು ಮುಚ್ಚಿಡಬೇಕೆನಿಸಿದ ಆ ಸಂಕೋಚವನ್ನು ಯಾವ ರಕ್ತಪರೀಕ್ಷೆ ತೋರಿಸಬಲ್ಲುದು?

ಹಾಗಾದರೆ ಆಯಾಸವೆಲ್ಲ ಮನಸ್ಸಿನದೇ? ಹಾಗೂ ಅಲ್ಲ. 2001ರಲ್ಲಿ ಡೇನಿಯಲ್ ಫಾರ್ಟನ್ ಮತ್ತಿತರರು ಲಂಡನ್ನಿನಲ್ಲಿ, ಯಕೃತ್ತು ಹೆಚ್ಚು ಕೆಡದ ರೋಗಿಗಳ ಮಿದುಳನ್ನು ಕಾಂತಶಕ್ತಿಯ ಯಂತ್ರದಿಂದ ಪರೀಕ್ಷಿಸಿದರು. ಆರೋಗ್ಯವಂತರಲ್ಲಿಯೂ ಹೆಪಟೈಟಿಸ್ ಬಿ ರೋಗಿಗಳಲ್ಲಿಯೂ ಇಲ್ಲದ ರಾಸಾಯನಿಕ ವ್ಯತ್ಯಾಸವೊಂದು ಇವರ ಮಿದುಳಿನಲ್ಲಿ ಕಂಡುಬಂದಿತು. ‘ತಲೆಗೆ ಮಂಜು ಮುಸುಕಿದಂತಿದೆ, ಹೇಳಬೇಕೆಂದ ಮಾತು ನೆನಪಿಗೆ ಬರುವುದಿಲ್ಲ’ ಎಂಬ ದೂರಿಗೆ ದೇಹದಲ್ಲಿಯೂ ಆಧಾರವಿರಬಹುದೆಂಬ ಸೂಚನೆ ಇದು. ದೇಹದ ಭಾಗವೆಷ್ಟು, ಮನಸ್ಸಿನ ಭಾಗವೆಷ್ಟು ಎಂದು ಚಾಕುವಿನಿಂದ ಕೊಯ್ದು ಬೇರ್ಪಡಿಸಲಾಗದು. ಬಳಲುವವಳಿಗೆ ಎರಡೂ ಒಂದೇ ಬಳಲಿಕೆ.

ಕೇಳದ ಪ್ರಶ್ನೆಗೆ ಉತ್ತರವಿಲ್ಲ

ಎಲ್ಲ ರೋಗಗಳಿಗೂ ಒಂದೇ ಪಟ್ಟಿ ಸಾಲದು. ಸಾಮಾನ್ಯ ಪಟ್ಟಿಗಳಿಂದ ಒಂದು ರೋಗವನ್ನು ಇನ್ನೊಂದರೊಡನೆ ತೂಗಿ ನೋಡಬಹುದು. ಆದರೆ ಒಂದು ರೋಗಕ್ಕೇ ವಿಶೇಷವಾದ ಸಂಕಟ ಅವುಗಳ ಜರಡಿಯಲ್ಲಿ ಸೋರಿಹೋಗಬಹುದು. ಆದುದರಿಂದ 1999ರಲ್ಲಿ ಜೊಬೈರ್ ಯೂನೊಸಿ ಮತ್ತು ಸಂಗಡಿಗರು ಯಕೃತ್ತಿನ ರೋಗಿಗಳಿಗಾಗಿಯೇ 29 ಪ್ರಶ್ನೆಗಳ ಬೇರೊಂದು ಪಟ್ಟಿಯನ್ನು ಸಿದ್ಧಪಡಿಸಿದರು. ಹೊಟ್ಟೆಯ ತೊಂದರೆ, ಆಯಾಸ, ದೇಹದ ಇತರ ಬಾಧೆಗಳು, ಓಡಾಟ, ಭಾವನೆ, ಚಿಂತೆ ಎಂಬ ಆರು ಭಾಗಗಳು ಅದರಲ್ಲಿವೆ. ತನ್ನ ಕಾಯಿಲೆಯಿಂದ ಮನೆಯವರಿಗೆ ಏನಾಗುವುದೋ ಎಂಬ ಚಿಂತೆಯನ್ನೂ ಅದು ಕೇಳುತ್ತದೆ.

ಇದಕ್ಕೆ ಪ್ರತಿಯಾಗಿ, ಯೂರೋಪಿನಲ್ಲಿ ಹುಟ್ಟಿದ ‘ಈಕ್ಯೂ-5ಡಿ’ ಎಂಬ ಐದು ಬಾಬತ್ತುಗಳ ಪುಟ್ಟ ಪಟ್ಟಿಯೂ ಉಂಟು. ನಡಿಗೆ, ಸ್ವಂತ ಆರೈಕೆ, ನಿತ್ಯದ ಕೆಲಸ, ನೋವು, ಮನೋವ್ಯಥೆ—ಇಷ್ಟೇ. ದುಬಾರಿಯಾದ ಹೊಸ ಮದ್ದೊಂದನ್ನು ಸರ್ಕಾರದ ಹಣದಿಂದ ಕೊಡಬೇಕೇ ಬೇಡವೇ ಎಂದು ನಿರ್ಣಯಿಸುವಾಗ ಇಂಗ್ಲೆಂಡಿನಂಥ ದೇಶಗಳಲ್ಲಿ ಇಂಥ ಪಟ್ಟಿಯ ಅಂಕಗಳನ್ನು ಬಳಸುತ್ತಾರೆ. ಆದರೆ ಇದರಲ್ಲಿ ಆಯಾಸದ ಮಾತೇ ಇಲ್ಲ! ಹೆಪಟೈಟಿಸ್ ಸಿ ರೋಗಿಯ ಮುಖ್ಯ ದೂರನ್ನೇ ಕೇಳದ ಪಟ್ಟಿ, ಆತ ಬಹುಮಟ್ಟಿಗೆ ಸುಖವಾಗಿದ್ದಾನೆಂದು ವರದಿ ಮಾಡಿದರೆ ಆಶ್ಚರ್ಯವೇನು? ಉದ್ದ ಅಳೆಯುವ ಗಜಕಡ್ಡಿಯಿಂದ ಹಾಲಿನ ಅಳತೆ ಸಿಕ್ಕದು.

ಇನ್ನೊಂದು ತೊಡಕು ಭಾಷೆಯದು. ಎಸ್‌ಎಫ್-36ರ ಮೂಲದಲ್ಲಿ, ಸಾಧಾರಣ ಶ್ರಮದ ಕೆಲಸಕ್ಕೆ ಉದಾಹರಣೆಯಾಗಿ ಗಾಲ್ಫ್ ಆಟವನ್ನೂ ನೆಲ ಗುಡಿಸುವ ವಿದ್ಯುತ್ ಯಂತ್ರವನ್ನೂ ಹೆಸರಿಸಿದ್ದಾರೆ. ಬಾವಿಯಿಂದ ನೀರು ಸೇದುವವಳಿಗೆ, ಒರಳಿನ ಮುಂದೆ ಕುಳಿತವಳಿಗೆ, ನಾಲ್ಕನೆಯ ಮಹಡಿಗೆ ತರಕಾರಿ ಚೀಲ ಹೊತ್ತವಳಿಗೆ ಈ ಉದಾಹರಣೆಗಳಿಂದ ಏನು ಪ್ರಯೋಜನ? ಅಮೆರಿಕನ್ನರ ಆಡುಮಾತಿನ ಒಂದು ಶಬ್ದ ಇಂಗ್ಲೆಂಡಿನವರಿಗೇ ಹೊಂದದೆ ಅದನ್ನು ಬದಲಾಯಿಸಬೇಕಾಯಿತೆಂದ ಮೇಲೆ ನಮ್ಮ ಭಾಷೆಗಳ ಪಾಡೇನು! ಈ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ತನ್ನ ನೂರು ಪ್ರಶ್ನೆಗಳ ಪಟ್ಟಿಯನ್ನು ರಚಿಸುವಾಗ ಹಲವು ದೇಶಗಳ ಕೇಂದ್ರಗಳಲ್ಲಿ ಏಕಕಾಲಕ್ಕೆ ಕೆಲಸ ನಡೆಸಿತು. ದೆಹಲಿ ಮತ್ತು ಮದರಾಸು ಅವುಗಳಲ್ಲಿ ಸೇರಿದ್ದುವು. ಜನರು ಬಾಳಿನಲ್ಲಿ ಯಾವುದನ್ನು ಬೆಲೆಯುಳ್ಳದ್ದೆಂದು ಎಣಿಸುತ್ತಾರೆಂಬುದನ್ನು ಅವರಿಂದಲೇ ಕೇಳಿ, ಆಮೇಲೆ ಪ್ರಶ್ನೆಗಳನ್ನು ಹೆಣೆದರು.

ರೋಗಕ್ಕಿಂತ ಮದ್ದು ಕಠಿನವಾದಾಗ

ಈ ಅಳತೆಗಳೆಲ್ಲ ಬರಿಯ ಪಂಡಿತರ ವಿನೋದವೇ ಎಂಬ ಶಂಕೆ ವಾಚಕರಿಗೆ ಬರಬಹುದು. ಹೆಪಟೈಟಿಸ್ ಸಿ ಚಿಕಿತ್ಸೆಯ ಇತಿಹಾಸವನ್ನು ನೋಡಿದರೆ ಆ ಶಂಕೆ ಉಳಿಯಲಾರದು.

ಬಹುಕಾಲ ಈ ರೋಗಕ್ಕಿದ್ದ ಮದ್ದು ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು. 1998ರಿಂದ ಅದರೊಡನೆ ರೈಬಾವಿರಿನ್ ಎಂಬ ಗುಳಿಗೆಯನ್ನೂ ಸೇರಿಸಿದರು. ಆರು ತಿಂಗಳು, ಕೆಲವರಿಗೆ ಸುಮಾರು ಒಂದು ವರ್ಷ ಇದನ್ನು ಪಡೆಯಬೇಕಾಗಿದ್ದಿತು. ಚಳಿಜ್ವರ, ಮೈಕೈನೋವು, ರಕ್ತಹೀನತೆ, ಕೂದಲುದುರುವಿಕೆ, ಕೆಲವರಲ್ಲಿ ಬಾಳೇ ಬೇಡವೆನಿಸುವಂಥ ಖಿನ್ನತೆ. ಚೆನ್ನಾಗಿ ನಡೆದಾಡುತ್ತಿದ್ದವರು ಚಿಕಿತ್ಸೆ ಪ್ರಾರಂಭವಾದ ಮೇಲೆ ಹಾಸಿಗೆ ಹಿಡಿಯುತ್ತಿದ್ದರು. ಇಷ್ಟಾದರೂ ವೈರಸ್ಸು ತೊಲಗುತ್ತಿದ್ದುದು ಸರಿಸುಮಾರು ಅರ್ಧದಷ್ಟು ಮಂದಿಗೆ. ಚಿಕಿತ್ಸೆಯ ಕಾಲದಲ್ಲಿ ಬಾಳಿನ ಅಂಕಗಳು ರೋಗವೇ ಇಳಿಸಿದ್ದಕ್ಕಿಂತಲೂ ಕೆಳಗೆ ಇಳಿಯುತ್ತಿದ್ದುವು; ವೈರಸ್ಸು ತೊಲಗಿದವರಲ್ಲಿ ಅನಂತರ ಮೇಲೇರುತ್ತಿದ್ದುವು. ಯಕೃತ್ತಿನ ಚಿತ್ರವನ್ನು ಮಾತ್ರ ನೋಡುವ ವೈದ್ಯ ಒಂದು ಬಗೆಯ ಸಲಹೆ ಕೊಟ್ಟಾನು; ಈ ಏರಿಳಿತವನ್ನೂ ಬಲ್ಲ ವೈದ್ಯ, ‘ನಿಮ್ಮ ಯಕೃತ್ತು ಸದ್ಯಕ್ಕೆ ಗಟ್ಟಿಯಾಗಿದೆ; ಈ ವರ್ಷ ಮಗಳ ಪರೀಕ್ಷೆಯಿದೆ ಎನ್ನುತ್ತೀರಿ; ಚಿಕಿತ್ಸೆಯನ್ನು ಮುಂದಕ್ಕೆ ಹಾಕೋಣವೇ?’ ಎಂದು ಕೇಳಿಯಾನು. ರೋಗಿಗೆ ಆಯ್ಕೆ ದೊರೆಯುವುದು ಅಲ್ಲಿ.

ಎಷ್ಟು ಅಂಕ ಏರಿದರೆ ರೋಗಿಯ ಅನುಭವಕ್ಕೆ ಬರುತ್ತದೆ ಎಂಬ ಪ್ರಶ್ನೆಯನ್ನೂ ತಜ್ಞರು ಬಿಟ್ಟಿಲ್ಲ. 2005ರಲ್ಲಿ ಬ್ರೆನ್ನನ್ ಸ್ಪೀಗಲ್ ಮತ್ತಿತರರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ಹೆಪಟೈಟಿಸ್ ಸಿ ರೋಗಿಗಳ ಪಾಲಿಗೆ ಎಂಟು ಗುಂಪುಗಳಲ್ಲಿ ‘ಚೈತನ್ಯ’ವೇ ಹೆಚ್ಚು ಮುಖ್ಯವೆಂದೂ, ಅದರಲ್ಲಿ 4.2 ಅಂಕಗಳ ಬದಲಾವಣೆ ಗಣನೀಯವೆಂದೂ ತೀರ್ಮಾನಿಸಿದರು. ಹಿಂದೆ ಹಾಕಿದ ಲೆಕ್ಕವನ್ನು ನೆನೆದರೆ, ನಾಲ್ಕು ಪ್ರಶ್ನೆಗಳಲ್ಲಿ ಒಂದೇ ಒಂದರ ಉತ್ತರ ಒಂದೇ ಮೆಟ್ಟಿಲು ಏರಿದರೆ 5 ಅಂಕ. ‘ಬಹಳ ಹೊತ್ತು ಸುಸ್ತು’ ಎನ್ನುತ್ತಿದ್ದವಳು ‘ಸಾಕಷ್ಟು ಹೊತ್ತು ಸುಸ್ತು’ ಎನ್ನುವಂತಾದರೆ ಅಷ್ಟು ಸಾಕು. ಹೊರಗಿನವರ ಕಣ್ಣಿಗೆ ಅದು ಏನೂ ಅಲ್ಲ. ಸಂಜೆ ಮಕ್ಕಳ ಪಾಠ ಕೇಳಿಸಿಕೊಳ್ಳುವಷ್ಟು ತ್ರಾಣ ಉಳಿದವಳಿಗೆ ಅದು ದೊಡ್ಡದು.

2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೋಫಾಸ್‌ಬುವಿರ್ ಎಂಬ ಗುಳಿಗೆಗೆ ಅನುಮತಿ ದೊರೆತ ಮೇಲೆ ಚಿತ್ರವೇ ಬದಲಾಯಿತು. ಇದನ್ನೂ ಇದರ ಜಾತಿಯ ಇತರ ಗುಳಿಗೆಗಳನ್ನೂ ಕೂಡಿಸಿ ಎಂಟರಿಂದ ಹನ್ನೆರಡು ವಾರ ಸೇವಿಸಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ವೈರಸ್ಸು ಸಂಪೂರ್ಣವಾಗಿ ತೊಲಗುತ್ತದೆ. ಇಂಟರ್‌ಫೆರಾನೂ ರೈಬಾವಿರಿನ್ನೂ ಇಲ್ಲದ ಈ ಚಿಕಿತ್ಸೆಯಲ್ಲಿ ಬಾಳಿನ ಅಂಕಗಳು ಮದ್ದು ನಡೆಯುತ್ತಿರುವಾಗಲೇ ಏರತೊಡಗಿದುದು ಕಂಡುಬಂದಿತು. ಮೊದಲಿಗೆ ಅಮೆರಿಕದಲ್ಲಿ ಹನ್ನೆರಡು ವಾರಗಳ ಗುಳಿಗೆಗೆ 84,000 ಡಾಲರ್ ಬೆಲೆ! 2014ರಲ್ಲಿ ಭಾರತದ ಔಷಧ ತಯಾರಕರಿಗೆ ಅದನ್ನು ತಯಾರಿಸುವ ಪರವಾನಗಿ ದೊರೆತ ಮೇಲೆ ಇಲ್ಲಿ ಬೆಲೆ ಎಷ್ಟೋ ಪಟ್ಟು ಇಳಿಯಿತು. 2018ರ ಜುಲೈ 28ರಂದು ಪ್ರಾರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಅನ್ವಯ ಸರ್ಕಾರಿ ಚಿಕಿತ್ಸಾಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಮದ್ದು ಎರಡೂ ಉಚಿತ.

ಮನೆಯವರು ತಿಳಿದಿರಬೇಕಾದುದು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನ ಈ ಸೋಂಕಿನೊಡನೆ ಬಾಳುತ್ತಿದ್ದರು. ತಡೆಗಟ್ಟುವ ಲಸಿಕೆ ಇನ್ನೂ ಸಿದ್ಧವಾಗಿಲ್ಲ. ಈ ವೈರಸ್ಸು ಹರಡುವುದು ಮುಖ್ಯವಾಗಿ ರಕ್ತದಿಂದ: ಶುದ್ಧಿಮಾಡದ ಸೂಜಿ, ಪರೀಕ್ಷಿಸದ ರಕ್ತ, ಹಂಚಿಕೊಂಡ ಕ್ಷೌರದ ಅಲಗು. ತಾಯಿಯಿಂದ ಹುಟ್ಟುವ ಮಗುವಿಗೂ ಒಮ್ಮೊಮ್ಮೆ ಬರಬಹುದು. ಹಿಂದೆ ಯಾವಾಗಲಾದರೂ ರಕ್ತ ಪಡೆದವರು, ಬಹಳ ಸಲ ಶುದ್ಧವಲ್ಲದ ಸೂಜಿಯಿಂದ ಚುಚ್ಚಿಸಿಕೊಂಡವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಒಂದೇ ಪಂಕ್ತಿಯಲ್ಲಿ ಊಟ ಮಾಡುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಅಪ್ಪಿಕೊಳ್ಳುವುದರಿಂದ, ಕೂಸಿಗೆ ಮುತ್ತಿಡುವುದರಿಂದ ಇದು ಬರುವುದಿಲ್ಲ. ತಟ್ಟೆ ಲೋಟಗಳನ್ನು ಬೇರೆಯಿಟ್ಟರೆ ವೈರಸ್ಸಿಗೆ ಏನೂ ನಷ್ಟವಿಲ್ಲ. ನಷ್ಟವಾಗುವುದು ಆ ತಟ್ಟೆಯಲ್ಲಿ ಒಬ್ಬಳೇ ಕುಳಿತು ಉಣ್ಣುವವಳಿಗೆ. ಮೆಲ್ಬೋರ್ನಿನ ಅಂಕಗಳು ಹೇಳಿದುದೂ ಇದನ್ನೇ.

ವೈರಸ್ಸು ತೊಲಗಿದ ಮೇಲೆ ಬಹುಮಂದಿ ಹಗುರವಾಗುತ್ತಾರೆ, ಎಲ್ಲರೂ ಅಲ್ಲ. ಯಕೃತ್ತು ಮೊದಲೇ ಸಿರೋಸಿಸ್ ಮುಟ್ಟಿದ್ದರೆ ಕ್ಯಾನ್ಸರಿನ ಭಯದಿಂದ ವೈದ್ಯರ ತಪಾಸಣೆ ಮುಂದುವರಿಯಲೇಬೇಕು. ಕೆಲವರಲ್ಲಿ ಬಳಲಿಕೆ ಪೂರಾ ಹೋಗುವುದಿಲ್ಲ. ‘ಗುಣವಾಯಿತೆಂದು ವರದಿ ಬಂದಿದೆಯಲ್ಲ, ಇನ್ನೇನು ನಿನಗೆ?’ ಎಂದು ಮನೆಯವರು ಕೇಳಿದರೆ ಹದಿನೇಳು ವರ್ಷಗಳ ಹಳೆಯ ಅನ್ಯಾಯವೇ ಹೊಸ ರೂಪದಲ್ಲಿ ಮರಳಿದಂತಾಗುತ್ತದೆ.

ನಮ್ಮಲ್ಲಿ ಇಬ್ಬರು ಭೇಟಿಯಾದರೆ ಮೊದಲು ಕೇಳುವುದು ‘ಹೇಗಿದ್ದೀರಿ?’ ಎಂದೇ. ಉತ್ತರವೂ ಸಿದ್ಧವಾಗಿರುತ್ತದೆ: ‘ಚೆನ್ನಾಗಿದ್ದೇವೆ.’ ಅದು ಮರ್ಯಾದೆಯ ಮಾತು. ಅದರಲ್ಲಿ ತಪ್ಪೇನೂ ಇಲ್ಲ. ಮೂವತ್ತಾರು ಪ್ರಶ್ನೆಗಳ ಪಟ್ಟಿ ಮಾಡಿದುದಿಷ್ಟೇ: ಅದೇ ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆದುಕೊಂಡಿತು. ಐರ್ಲೆಂಡಿನ ಆ ತಾಯಂದಿರನ್ನು 1980ರ ದಶಕದಲ್ಲಿ ಯಾರಾದರೂ ಹಾಗೆ ಕೇಳಿ ಬರೆದುಕೊಂಡಿದ್ದರೆ, ವೈರಸ್ಸಿನ ಹೆಸರು ಆಗ ತಿಳಿಯದಿದ್ದರೂ, ಇವರಿಗೆ ಏನೋ ಆಗಿದೆ ಎಂಬುದಾದರೂ ಬೇಗ ತಿಳಿಯಬಹುದಾಗಿದ್ದಿತು. ಮನೆಯ ಗೃಹಿಣಿ ‘ಯಾಕೋ ಕೈಲಾಗುತ್ತಿಲ್ಲ’ ಎಂದರೆ, ಒಲೆಯ ಮುಂದಿನಿಂದ ಅವಳನ್ನು ಎಬ್ಬಿಸಿ ಕೂರಿಸಿ, ಎಷ್ಟು ದಿನದಿಂದ, ದಿನದ ಯಾವ ಹೊತ್ತಿನಲ್ಲಿ, ಯಾವ ಕೆಲಸ ಬಿಟ್ಟುಹೋಯಿತು ಎಂದು ಕೇಳಿ, ಆ ಉತ್ತರವನ್ನು ವೈದ್ಯರ ಬಳಿಗೆ ಒಯ್ಯುವುದು ಮನೆಯವರಿಂದ ಆಗಬೇಕಾದ ಕೆಲಸ.